ಬೆಸುಗೆಯ ಬಿರುಕು

ಜರ್ಮನಿಯ ಪೋರ್ಷೆ ಸಂಸ್ಥೆಯವರು 1982ರಲ್ಲಿ ಮಾರುಕಟ್ಟೆಗೆ ತಂದು 1991ರವರೆಗೆ ತಯಾರಿಸಿದ 944 ಎಂಬ ಸ್ಪೋರ್ಟ್ಸ್ ಕಾರು, ಎಂಜಿನ್ನನ್ನು ಮುಂದಕ್ಕೂ ಗೇರುಪೆಟ್ಟಿಗೆಯನ್ನು ಹಿಂದಿನ ಚಕ್ರಗಳ ಬಳಿಗೂ ಇರಿಸಿ, ಭಾರವನ್ನು ಎರಡು ಕಡೆಗೂ ಬಹುಮಟ್ಟಿಗೆ ಸಮನಾಗಿ ಹಂಚಿದ ತನ್ನ ರಚನಾವಿಶೇಷದಿಂದ, ತಿರುವುಗಳಲ್ಲಿ ತೋರುವ ಸ್ಥೈರ್ಯಕ್ಕಾಗಿ ಇಂದಿಗೂ ರಸಿಕರ ಪ್ರೀತಿಗೆ ಪಾತ್ರವಾಗಿ ಉಳಿದಿದೆ. ಒಂದೂವರೆ ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರಿನ ಮೊದಲ ಮಾದರಿಗಳಲ್ಲಿದ್ದ ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರುಗಳ ಎಂಜಿನ್ನು, ಹಲ್ಲಿನ ಬೆಲ್ಟನ್ನು ಕಾಲಕಾಲಕ್ಕೆ ಬದಲಾಯಿಸುತ್ತಿದ್ದರೆ, ಸುಲಭವಾಗಿ ಸೋಲತಕ್ಕದ್ದಲ್ಲ. ಮಾಲೀಕರ ತಾಳ್ಮೆಯನ್ನು ಪರೀಕ್ಷಿಸುವುದು ಅದರ ಉಕ್ಕಲ್ಲ, ಅದನ್ನು ಆಳುವ ವಿದ್ಯುತ್ತು.

ರೋಗಲಕ್ಷಣ ಹೀಗಿರುತ್ತದೆ. ಬೇಸಗೆಯ ಮಧ್ಯಾಹ್ನ, ಗಂಟೆಗಟ್ಟಲೆ ನಿರಾತಂಕವಾಗಿ ಓಡಿದ ಕಾರು, ಯಾವ ಮುನ್ಸೂಚನೆಯನ್ನೂ ಕೊಡದೆ, ಕೆಮ್ಮದೆ, ಕುಂಟದೆ, ಸ್ವಿಚ್ಚು ಒತ್ತಿದಂತೆ ಆಫ್ ಆಗಿಬಿಡುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ನು ಹಿಡಿಯುವುದಿಲ್ಲ. ಅರ್ಧ ಗಂಟೆ ಮರದ ನೆರಳಿನಲ್ಲಿ ಕಾದು ಮತ್ತೆ ಕೀಲಿ ತಿರುಗಿಸಿದರೆ, ಏನೂ ನಡೆದಿಲ್ಲವೆಂಬಂತೆ ಮೊದಲ ಯತ್ನದಲ್ಲಿಯೇ ಚಾಲೂ ಆಗುತ್ತದೆ. ವೈದ್ಯರ ಮನೆಯ ಮೆಟ್ಟಿಲು ಹತ್ತಿದೊಡನೆ ಮಾಯವಾಗುವ ಹಲ್ಲುನೋವಿನಂತೆ, ವರ್ಕ್‌ಷಾಪಿಗೆ ಒಯ್ದಾಗ ಆ ದೋಷ ಎಷ್ಟು ಹುಡುಕಿದರೂ ಕಾಣಿಸಿಕೊಳ್ಳುವುದಿಲ್ಲ. ಆಗ ಕಂಪ್ಯೂಟರೇ ಹೋಗಿದೆಯೆಂದು ತೀರ್ಮಾನಿಸಿ ದುಬಾರಿ ಪೆಟ್ಟಿಗೆಯೊಂದನ್ನು ತರಿಸುವ ಆತುರ ಹುಟ್ಟುವುದು ಸಹಜ. ಆ ಆತುರವೇ ಈ ಕಾರಿನ ಎಲ್ಲಕ್ಕಿಂತ ವೆಚ್ಚದ ರೋಗವೆಂದು ನನ್ನ ಅಭಿಪ್ರಾಯ.

ಕಂಪ್ಯೂಟರು ಮಾಡುವ ಕೆಲಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಾಷ್ ಸಂಸ್ಥೆಯವರ ಮೋಟ್ರಾನಿಕ್ ಎಂಬ ಈ ವ್ಯವಸ್ಥೆ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಮೊದಲು ಬಂದಿತು. (ಬೆಂಗಳೂರಿನ ಹಿರಿಯರಿಗೆ ಈ ಬಾಷ್ ಹೊಸಬರೇನೂ ಅಲ್ಲ, 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯ ಕಾರ್ಖಾನೆಯಿಂದ ಹೆಸರಾದ ಮೈಕೋ ಅವರದೇ ಸಂತಾನ.) ಪೆಟ್ರೋಲನ್ನು ಎಷ್ಟು ಸಿಂಪಡಿಸಬೇಕು, ಕಿಡಿಯನ್ನು ಯಾವ ಕ್ಷಣದಲ್ಲಿ ಹಾರಿಸಬೇಕು ಎಂಬ ಎರಡು ನಿರ್ಣಯಗಳನ್ನೂ ಒಂದೇ ಪೆಟ್ಟಿಗೆ ಮಾಡತಕ್ಕದ್ದೆಂಬುದು ಅದರ ಹೊಸತನ. ಆದರೆ ಆ ಪೆಟ್ಟಿಗೆಗೆ ಸ್ವಂತ ಕಣ್ಣುಗಳಿಲ್ಲ. ಫ್ಲೈವೀಲಿನ ಬಳಿ ಕುಳಿತ ಎರಡು ಸೆನ್ಸರುಗಳು, ಒಳಬರುವ ಗಾಳಿಯನ್ನು ಅಳೆಯುವ ರೆಕ್ಕೆಬಾಗಿಲು, ನೀರಿನ ಶಾಖವನ್ನು ತಿಳಿಸುವ ಸಣ್ಣ ಕಡ್ಡಿ, ಇವು ತಂದೊಪ್ಪಿಸಿದ ಸುದ್ದಿಯನ್ನು ನಂಬಿ ಅದು ಆಜ್ಞೆ ಕೊಡುತ್ತದೆ. ಸುದ್ದಿ ಸುಳ್ಳಾದರೆ ಆಜ್ಞೆಯೂ ತಪ್ಪುತ್ತದೆ. ಅಪವಾದ ಮಾತ್ರ ಕಂಪ್ಯೂಟರಿನ ಮೇಲೆ.

ಇವೆಲ್ಲಕ್ಕೂ ಮೊದಲು ಸಂದೇಹಿಸಬೇಕಾದದ್ದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಿಎಂಇ, ಅಂದರೆ ಈ ಕಂಪ್ಯೂಟರಿನ, ರಿಲೇಯನ್ನು. ಅದರ ಒಡಲಲ್ಲಿ ಎರಡು ಭಾಗಗಳುಂಟು: ಒಂದು ಕಂಪ್ಯೂಟರಿಗೆ ವಿದ್ಯುತ್ತನ್ನು ಒದಗಿಸುತ್ತದೆ, ಇನ್ನೊಂದು, ಎಂಜಿನ್ನು ತಿರುಗುತ್ತಿದೆಯೆಂದು ಕಂಪ್ಯೂಟರು ಒಪ್ಪಿದ ಮೇಲೆಯೇ ಪೆಟ್ರೋಲ್ ಪಂಪಿಗೆ ಕರೆಂಟು ಬಿಡುತ್ತದೆ. ಅಪಘಾತದಲ್ಲಿ ಎಂಜಿನ್ನು ನಿಂತೊಡನೆ ಪಂಪೂ ನಿಲ್ಲಲೆಂಬ ವಿವೇಕದಿಂದ ಹೀಗೆ ಏರ್ಪಡಿಸಿದ್ದು. ಈ ರಿಲೇಯ ಹೊದಿಕೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿ, ಒಳಗಿನ ಫಲಕವನ್ನು ಮಗುಚಿ, ಭೂತಗನ್ನಡಿಯಲ್ಲಿ ನೋಡಿದರೆ, ಕಾಲುಗಳನ್ನು ಹಿಡಿದಿರುವ ಸೀಸದ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣದೊಂದು ಕಪ್ಪು ಉಂಗುರ ಕಾಣಿಸಬಹುದು. ಅದೇ ಬಿರುಕು. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಲೋಹವೂ ಫಲಕವೂ ಒಂದೇ ಪ್ರಮಾಣದಲ್ಲಿ ಹಿಗ್ಗದೆ ಇರುವುದರಿಂದ ಬೆಸುಗೆ ಸಡಿಲವಾಗಿ, ಬಿಸಿಯಾದಾಗ ಬಾಯಿಬಿಟ್ಟು ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಮರದ ನೆರಳಿನ ಅರ್ಧ ಗಂಟೆಯ ರಹಸ್ಯ ಇಷ್ಟೆ. ಇದೇ ರಿಲೇ 911 ವಂಶದ 3.2 ಲೀಟರಿನ ಕರೇರಾದಲ್ಲಿಯೂ ಇದ್ದುದರಿಂದ, ಆ ಕಾರಿನವರೂ ಸಾಮಾನಿನ ಡಬ್ಬಿಯಲ್ಲಿ ಇನ್ನೊಂದನ್ನು ಇಟ್ಟುಕೊಂಡೇ ದೂರಪ್ರಯಾಣ ಹೊರಡುವುದುಂಟು.

ರಿಲೇ ನಿರ್ದೋಷಿಯೆಂದು ತೀರ್ಮಾನವಾದರೆ ಮುಂದಿನ ಸಂದೇಹ ಫ್ಲೈವೀಲಿನ ಸೆನ್ಸರುಗಳ ಮೇಲೆ. ಇವುಗಳಲ್ಲಿ ಒಂದು ಅಂಚಿನ ಹಲ್ಲುಗಳನ್ನು ಎಣಿಸಿ ವೇಗವನ್ನೂ, ಮತ್ತೊಂದು ಸುತ್ತಿಗೊಮ್ಮೆ ಹಾದುಹೋಗುವ ಗುರುತನ್ನು ಕಂಡು ಪಿಸ್ಟನ್ನಿನ ಸ್ಥಾನವನ್ನೂ ತಿಳಿಸುತ್ತದೆ. ಸೆನ್ಸರಿನ ತುದಿಗೂ ಚಕ್ರಕ್ಕೂ ನಡುವೆ ಇರತಕ್ಕ ಅಂತರ 0.8 ಮಿಲಿಮೀಟರು ಮಾತ್ರ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲುಗಿದರೆ ವೇಗದ ಸುದ್ದಿ ತಲುಪುತ್ತಿದೆಯೆಂದು ಅರ್ಥ. ಸತ್ತಂತೆ ಬಿದ್ದಿದ್ದರೆ ಸೆನ್ಸರನ್ನೋ ಅದರ ತಂತಿಯನ್ನೋ ಕಂಪ್ಯೂಟರಿಗೆ ಬರುವ ಕರೆಂಟನ್ನೋ ಪರೀಕ್ಷಿಸಬೇಕು. ಎಂಜಿನ್ನಿನ ಹಿಂಬದಿಯಲ್ಲಿ, ಕೈ ತೂರುವುದೇ ಕಷ್ಟವಾದ ಸಂದಿಯಲ್ಲಿ ಇವುಗಳ ಕನೆಕ್ಟರುಗಳಿವೆ. ಶಾಖದಿಂದ ಬೆಂದ ಅವುಗಳ ಪ್ಲಾಸ್ಟಿಕ್ಕು ಮುಟ್ಟಿದೊಡನೆ ಹಪ್ಪಳವಾಗುವುದುಂಟು. ನೋಡಲು ಒಂದೇ ತೆರನಾದ ಎರಡನ್ನು ಅದಲುಬದಲಾಗಿ ಸಿಕ್ಕಿಸಿದರೆ ಎಂಜಿನ್ನು ಚಾಲೂ ಆಗುವುದೇ ಇಲ್ಲ.

ಗಾಳಿಯ ಮೀಟರಿನೊಳಗೆ ಇಂಗಾಲದ ಪಟ್ಟಿಯೊಂದರ ಮೇಲೆ ಲೋಹದ ಮುಳ್ಳು ಹರಿದಾಡಿ, ಹೆಚ್ಚು ಬಳಕೆಯಾಗುವ ಜಾಗದಲ್ಲಿ ಗೆರೆ ಸವೆದಿರುತ್ತದೆ. ಅನುಭವಿಗಳು ಆ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ಸವೆಯದ ದಾರಿಗೆ ಹಚ್ಚುತ್ತಾರೆ. ಇನ್ನು ಅರ್ಥಿಂಗ್ ತಂತಿಗಳ ವಿಚಾರ: ಎಂಜಿನ್ನಿಗೂ ಬಾಡಿಗೂ ಬಿಗಿದ ಬೋಲ್ಟುಗಳ ಬುಡದಲ್ಲಿ ಕಿಲುಬು ಹಿಡಿದಿದ್ದರೆ, ಮೇಲಿನ ಯಾವ ಪರೀಕ್ಷೆಯ ಫಲವನ್ನೂ ನಂಬುವಂತಿಲ್ಲ. ಅವುಗಳನ್ನು ಕಳಚಿ, ಮರಳುಕಾಗದದಿಂದ ಉಜ್ಜಿ, ಮರಳಿ ಬಿಗಿಯುವ ಕೆಲಸಕ್ಕೆ ಖರ್ಚೆಂಬುದೇ ಇಲ್ಲ. ಆದರೂ ಜನ ಅದನ್ನು ಕೊನೆಗೆ ಮಾಡುವುದೇಕೋ ತಿಳಿಯದು.

ರಿಲೇಯ ಜಾಗದಲ್ಲಿ ತಂತಿಯ ತುಣುಕೊಂದನ್ನು ಸಿಕ್ಕಿಸಿ ಮನೆ ಸೇರುವ ಉಪಾಯವನ್ನು ಬಲ್ಲವರು ಅನೇಕರಿದ್ದಾರೆ. ಹಾಗೆ ಮಾಡಿದಾಗ ಎಂಜಿನ್ನು ನಿಂತರೂ ಪಂಪು ಓಡುತ್ತಲೇ ಇರುವುದರಿಂದ, ಅದನ್ನು ಆಪತ್ಕಾಲಕ್ಕೆ ಮಾತ್ರ ಮೀಸಲಿಟ್ಟು, ಮನೆ ಮುಟ್ಟಿದ ದಿನವೇ ತೆಗೆದುಬಿಡಿ. ಕಂಪ್ಯೂಟರಿನ ಕನೆಕ್ಟರನ್ನು ಬಿಚ್ಚುವ ಮುನ್ನ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿರಿ. ಹೊಸ ಕಂಪ್ಯೂಟರನ್ನು ಕೊಳ್ಳುವ ಮಾತನ್ನು, ಮಲ್ಟಿಮೀಟರನ್ನು ಹಿಡಿದು ಇವಿಷ್ಟನ್ನೂ ಅಳೆದು ನೋಡಿದ ಬಳಿಕ ಎತ್ತಬಹುದು. ಬಹುಪಾಲು ಸಂದರ್ಭಗಳಲ್ಲಿ ಎತ್ತುವ ಅಗತ್ಯ ಬೀಳುವುದಿಲ್ಲ.