ಮನೆಯ ಮೌಲ್ಯಮಾಪನದಲ್ಲಿ ಕಾಂಕ್ರೀಟ್ ನೆಲ

ಮನೆಯ ಮೌಲ್ಯಮಾಪನದಲ್ಲಿ ಕಾಂಕ್ರೀಟ್ ನೆಲವನ್ನು ಪೂರ್ಣಗೊಂಡ ನೆಲವೆಂದು ಪರಿಗಣಿಸಬಹುದೇ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಗೃಹಸಾಲ ಹಾಗೂ ಸ್ಥಿರಾಸ್ತಿ ವ್ಯವಹಾರಗಳಲ್ಲಿ ಎದುರಾಗುವ ಪ್ರಶ್ನೆಯಾಗಿದೆ. ಅಲ್ಲಿ ಬಳಕೆಯಲ್ಲಿರುವ ಅಳತೆಯ ಮಾನದಂಡದ ಪ್ರಕಾರ ಅಲಂಕಾರಿಕ ಕಾಂಕ್ರೀಟ್ ಪೂರ್ಣಗೊಂಡ ನೆಲವೆನಿಸುತ್ತದೆ. ಬರಿಯ ಕಾಂಕ್ರೀಟ್ ಅಥವಾ ಬಣ್ಣವನ್ನಷ್ಟೇ ಬಳಿದ ಕಾಂಕ್ರೀಟ್ ಹಾಗೆನಿಸುವುದಿಲ್ಲ. ನೆಲವು ಅಪೂರ್ಣವೆಂದು ತೀರ್ಮಾನವಾದರೆ ಇಡೀ ಕೋಣೆಯೇ ಮನೆಯ ಪೂರ್ಣಗೊಂಡ ವಿಸ್ತೀರ್ಣದಿಂದ ಹೊರಗುಳಿಯುತ್ತದೆ. ಆದ್ದರಿಂದ ಈ ವ್ಯತ್ಯಾಸವು ಮನೆಯ ಅಂದಾಜು ಬೆಲೆಯ ಮೇಲೆ ಪರಿಣಾಮ ಬೀರಬಲ್ಲದು.

ಮಾನದಂಡ

ಒಂದು ಕುಟುಂಬದ ಮನೆಗಳ ವಿಸ್ತೀರ್ಣವನ್ನು ಲೆಕ್ಕಹಾಕುವ ವಿಧಾನವನ್ನು ಎಎನ್‌ಎಸ್‌ಐ ಝಡ್‌765 ಎಂಬ ರಾಷ್ಟ್ರೀಯ ಮಾನದಂಡವು ವಿವರಿಸುತ್ತದೆ. 1996ರಲ್ಲಿ ಮೊದಲು ಅಂಗೀಕೃತವಾದ ಇದನ್ನು ಮುಂದೆ ಹಲವು ಬಾರಿ ಪರಿಷ್ಕರಿಸಲಾಗಿದೆ. ಇದರ ಬಳಕೆ ಮೂಲತಃ ಸ್ವಯಂಪ್ರೇರಿತವಾದುದು. ಆದರೆ ಸಾಲದಾತರಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯು, ಮನೆಯ ಒಳಹೊರಗನ್ನು ಪರಿಶೀಲಿಸಿ ನಡೆಸುವ ಮೌಲ್ಯಮಾಪನಗಳಿಗೆ 2022ರ ಏಪ್ರಿಲ್ 1ರಿಂದ ಇದನ್ನು ಕಡ್ಡಾಯಗೊಳಿಸಿತು.

ಮಾನದಂಡದ ಪ್ರಕಾರ ಪೂರ್ಣಗೊಂಡ ಜಾಗವೆಂದರೆ ವರ್ಷವಿಡೀ ಬಳಸಲು ಯೋಗ್ಯವಾದ, ಗೋಡೆ, ನೆಲ ಮತ್ತು ಚಾವಣಿಗಳು ಮನೆಯ ಉಳಿದ ಭಾಗವನ್ನು ಹೋಲುವ ಆವೃತ ಜಾಗ. ಪೂರ್ಣಗೊಂಡ ನೆಲಕ್ಕೆ ಉದಾಹರಣೆಯಾಗಿ ಕಾರ್ಪೆಟ್, ವಿನೈಲ್ ಹಾಳೆ, ಗಟ್ಟಿಮರದ ಹಲಗೆ ಹಾಗೂ ಅಲಂಕಾರಿಕ ಕಾಂಕ್ರೀಟನ್ನು ಹೆಸರಿಸಲಾಗಿದೆ. ಸಾಮಾನ್ಯವಾಗಿ ಚಾವಣಿಯ ಎತ್ತರ ಕನಿಷ್ಠ 7 ಅಡಿ ಇರಬೇಕು ಎಂಬಂತಹ ಇತರ ನಿಬಂಧನೆಗಳೂ ಅನ್ವಯಿಸುತ್ತವೆ. ನೆಲವೊಂದೇ ಸರಿಯಾಗಿದ್ದ ಮಾತ್ರಕ್ಕೆ ಕೋಣೆಯು ಪೂರ್ಣಗೊಂಡಂತಾಗುವುದಿಲ್ಲ.

ಅಲಂಕಾರಿಕ ಕಾಂಕ್ರೀಟ್ ಮತ್ತು ಬಣ್ಣದ ಕಾಂಕ್ರೀಟ್

ಅಲಂಕಾರಿಕ ಕಾಂಕ್ರೀಟಿನಲ್ಲಿ ಕಾಂಕ್ರೀಟೇ ನೆಲದ ಅಂತಿಮ ಮೇಲ್ಮೈಯಾಗುವಂತೆ ಸಂಸ್ಕರಿಸಲಾಗುತ್ತದೆ. ಇದರ ಮುಖ್ಯ ವಿಧಾನಗಳು ಹೀಗಿವೆ:

- ಹೊಳಪು ನೀಡುವುದು: ವಜ್ರದ ಕಣಗಳುಳ್ಳ ಉಪಕರಣಗಳಿಂದ ಮೇಲ್ಮೈಯನ್ನು ಹಂತಹಂತವಾಗಿ ಉಜ್ಜಲಾಗುತ್ತದೆ. ಮೇಲ್ಮೈಯನ್ನು ಗಟ್ಟಿಗೊಳಿಸಲು ಸಿಲಿಕೇಟ್ ದ್ರಾವಣವನ್ನು ಹಚ್ಚಲಾಗುತ್ತದೆ.
- ಆಮ್ಲವರ್ಣ: ಲೋಹದ ಲವಣಗಳಿರುವ ಆಮ್ಲೀಯ ದ್ರಾವಣವು ಕಾಂಕ್ರೀಟಿನಲ್ಲಿರುವ ಸುಣ್ಣದ ಅಂಶದೊಡನೆ ವರ್ತಿಸಿ ಶಾಶ್ವತ ಬಣ್ಣವನ್ನು ಉಂಟುಮಾಡುತ್ತದೆ.
- ಅಚ್ಚು ಒತ್ತುವುದು: ಕಾಂಕ್ರೀಟ್ ಇನ್ನೂ ಹಸಿಯಾಗಿರುವಾಗಲೇ ಕಲ್ಲು ಅಥವಾ ಇಟ್ಟಿಗೆಯನ್ನು ಹೋಲುವ ವಿನ್ಯಾಸವನ್ನು ಮೂಡಿಸಲಾಗುತ್ತದೆ.
- ಮಿಶ್ರವರ್ಣ: ಕಬ್ಬಿಣದ ಆಕ್ಸೈಡಿನಂತಹ ವರ್ಣದ್ರವ್ಯವನ್ನು ಮಿಶ್ರಣದಲ್ಲಿಯೇ ಬೆರೆಸಲಾಗುತ್ತದೆ. ಕರ್ನಾಟಕದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿಯೂ ಹೀಗೆ ಸಿಮೆಂಟಿನ ಗಾರೆಗೇ ಬಣ್ಣ ಸೇರಿರುತ್ತದೆ.

ಬಣ್ಣ ಬಳಿದ ನೆಲದಲ್ಲಿ ಬಣ್ಣವು ಕಾಂಕ್ರೀಟಿನ ಮೇಲಿನ ತೆಳು ಪೊರೆಯಾಗಿ ಮಾತ್ರ ನಿಲ್ಲುತ್ತದೆ. ನೆಲದಡಿಯ ತೇವ ಮತ್ತು ಕಾಂಕ್ರೀಟಿನ ಕ್ಷಾರಗುಣದಿಂದ ಈ ಪೊರೆ ಗುಳ್ಳೆಯೆದ್ದು ಸುಲಿಯಬಹುದು, ಓಡಾಟದಿಂದ ಸವೆಯಲೂಬಹುದು. ಎಪಾಕ್ಸಿ ಲೇಪನವು ಇವೆರಡರ ನಡುವಿನದು. ಅದು ಸಾಮಾನ್ಯ ಬಣ್ಣಕ್ಕಿಂತ ದಪ್ಪವೂ ಗಟ್ಟಿಯೂ ಆಗಿದ್ದರೂ ಗ್ಯಾರೇಜುಗಳಲ್ಲಿ ಹೆಚ್ಚು ಕಾಣಸಿಗುವುದರಿಂದ, ಲೇಪನದ ಸ್ವರೂಪ ಹಾಗೂ ಉಳಿದ ಕೋಣೆಗಳೊಡನೆ ಅದಕ್ಕಿರುವ ಹೋಲಿಕೆಯನ್ನು ನೋಡಿ ಮೌಲ್ಯಮಾಪಕರು ನಿರ್ಧರಿಸಬೇಕಾಗುತ್ತದೆ.

ಮನೆಯ ಉಳಿದ ಭಾಗದೊಡನೆ ಹೋಲಿಕೆ

ಒಂದೇ ಬಗೆಯ ನೆಲದ ಕುರಿತು ಎರಡು ಮನೆಗಳಲ್ಲಿ ಎರಡು ತೀರ್ಮಾನಗಳು ಸಾಧ್ಯ. ಎಲ್ಲ ಕೋಣೆಗಳಲ್ಲಿಯೂ ಹೊಳಪು ಕಾಂಕ್ರೀಟ್ ಇರುವ ಮನೆಯಲ್ಲಿ ಅದನ್ನು ಪೂರ್ಣಗೊಂಡ ನೆಲವೆಂದು ಒಪ್ಪುವುದು ಸುಲಭ. ಉಳಿದೆಡೆ ಗಟ್ಟಿಮರವಿದ್ದು ಒಂದು ಕೋಣೆಯಲ್ಲಿ ಮಾತ್ರ ಕಾಂಕ್ರೀಟ್ ಇದ್ದರೆ, ಅದು ಉದ್ದೇಶಪೂರ್ವಕ ಅಲಂಕಾರವೋ ಅಥವಾ ಅರ್ಧಕ್ಕೆ ನಿಂತ ಕೆಲಸವೋ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.

ವಿಸ್ತೀರ್ಣ ಮತ್ತು ಬೆಲೆಯ ಮೇಲಿನ ಪರಿಣಾಮ

ನೆಲಮಟ್ಟಕ್ಕಿಂತ ಮೇಲಿರುವ ಪೂರ್ಣಗೊಂಡ ಜಾಗವನ್ನು ಮಾತ್ರ ಒಟ್ಟು ವಾಸಯೋಗ್ಯ ವಿಸ್ತೀರ್ಣವೆಂದು ವರದಿಯಲ್ಲಿ ನಮೂದಿಸಲಾಗುತ್ತದೆ. ಒಂದು ಅಂತಸ್ತಿನ ಯಾವುದೇ ಭಾಗವು ನೆಲಮಟ್ಟಕ್ಕಿಂತ ಕೆಳಗಿದ್ದರೆ ಇಡೀ ಅಂತಸ್ತನ್ನು ನೆಲಮಾಳಿಗೆಯೆಂದೇ ಎಣಿಸಲಾಗುತ್ತದೆ. ಹೀಗಾಗಿ ನೆಲಮಾಳಿಗೆಗೆ ಎಷ್ಟೇ ಉತ್ತಮ ನೆಲ ಹಾಕಿಸಿದರೂ ಅದು ವಾಸಯೋಗ್ಯ ವಿಸ್ತೀರ್ಣಕ್ಕೆ ಸೇರುವುದಿಲ್ಲ. ಆದರೆ ಅದನ್ನು ಪೂರ್ಣಗೊಂಡ ನೆಲಮಾಳಿಗೆಯೆಂದು ಪ್ರತ್ಯೇಕವಾಗಿ ದಾಖಲಿಸಬಹುದು.

ಕೋಣೆಯಾಗಿ ಮಾರ್ಪಡಿಸಿದ ಗ್ಯಾರೇಜಿನಲ್ಲಿ ಪರಿಣಾಮವು ನೇರವಾಗಿರುತ್ತದೆ. ಉದಾಹರಣೆಗೆ, 1,500 ಚದರ ಅಡಿಯ ಮನೆಗೆ ಹೊಂದಿಕೊಂಡಂತೆ 300 ಚದರ ಅಡಿಯ ಇಂತಹ ಕೋಣೆ ಇದೆಯೆಂದು ಭಾವಿಸಬಹುದು. ಕೋಣೆಯು ಇತರ ಎಲ್ಲ ನಿಬಂಧನೆಗಳನ್ನು ಪೂರೈಸಿ, ನೆಲವೂ ಅಲಂಕಾರಿಕ ಕಾಂಕ್ರೀಟಿನದಾಗಿದ್ದರೆ ವಾಸಯೋಗ್ಯ ವಿಸ್ತೀರ್ಣ 1,800 ಚದರ ಅಡಿ ಆಗುತ್ತದೆ. ನೆಲಕ್ಕೆ ಬಣ್ಣ ಮಾತ್ರ ಬಳಿದಿದ್ದರೆ 1,500 ಚದರ ಅಡಿಯಲ್ಲಿಯೇ ಉಳಿಯುತ್ತದೆ. ಅದೇ ಪ್ರದೇಶದಲ್ಲಿ ಮಾರಾಟವಾದ ಸಮಾನ ಮನೆಗಳೊಡನೆ ಹೋಲಿಸಿ ಬೆಲೆಯನ್ನು ಅಂದಾಜಿಸುವಾಗ ವಿಸ್ತೀರ್ಣವು ಪ್ರಮುಖ ಅಂಶವಾಗಿರುವುದರಿಂದ, ಈ 300 ಚದರ ಅಡಿಯು ಮಾರಾಟಗಾರರಿಗೂ ಸಾಲ ಪಡೆಯುವವರಿಗೂ ಮುಖ್ಯವಾಗುತ್ತದೆ.

ಲೆಕ್ಕದಿಂದ ಹೊರಗುಳಿದ ಜಾಗಕ್ಕೆ ಬೆಲೆಯೇ ಇಲ್ಲವೆಂದು ಅರ್ಥವಲ್ಲ. ಎಎನ್‌ಎಸ್‌ಐ ಝಡ್‌765 ಅಳತೆಯ ಮಾನದಂಡವೇ ಹೊರತು ಬೆಲೆಯನ್ನು ನಿಗದಿಪಡಿಸುವ ನಿಯಮವಲ್ಲ. ಅಪೂರ್ಣವೆನಿಸಿದ ಕೋಣೆಯನ್ನು ಮೌಲ್ಯಮಾಪಕರು ವರದಿಯಲ್ಲಿ ಬೇರೆಯಾಗಿ ನಮೂದಿಸಿ, ಸ್ಥಳೀಯ ಮಾರುಕಟ್ಟೆಯಲ್ಲಿ ಖರೀದಿದಾರರು ಅಂತಹ ಜಾಗಕ್ಕೆ ಕೊಡುವ ಬೆಲೆಗನುಗುಣವಾಗಿ ಅದರ ಮೌಲ್ಯವನ್ನು ಪರಿಗಣಿಸಬಹುದು.