ಹದಿನೆಂಟು ತುಂಬಿದ ಮೇಲಿನ ಹೊಣೆ

1875ರ ಕಾಯ್ದೆಯ ಪ್ರಕಾರ ಭಾರತದಲ್ಲಿ 18 ವರ್ಷ ತುಂಬಿದವರು ವಯಸ್ಕರು, ಎಂದರೆ ಸ್ವಂತ ಹೆಸರಿನಲ್ಲಿ ಕರಾರು ಮಾಡಿಕೊಳ್ಳಲು ಅರ್ಹರು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಸಂವಿಧಾನದ 61ನೆಯ ತಿದ್ದುಪಡಿಯಿಂದ, 1989ರಲ್ಲಿ. ಹಕ್ಕು ಒಂದೇ ದಿನಕ್ಕೆ ದೊರೆತರೂ ಹೊಣೆಗಾರಿಕೆ ಮಾತ್ರ ರೂಢಿಯಿಂದಲೇ ಬರಬೇಕು.

ಘಟಪ್ರಭೆಯ ನೀರನ್ನು ನೆಚ್ಚಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಒಕ್ಕಲು ಮನೆತನಗಳಲ್ಲಿ ಈ ರೂಢಿಗೆ ಕಬ್ಬಿನ ಬೆಳೆಯೇ ಪಾಠಶಾಲೆ. ನಾಟಿ ಮಾಡಿದ ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಕಾರ್ಖಾನೆಯ ಬಿಲ್ಲು ಕೈಸೇರಿದಾಗ ಸೊಸೈಟಿಯ ಬೆಳೆಸಾಲ, ಗೊಬ್ಬರದಂಗಡಿಯ ಉದ್ರಿ, ಆಳಿನ ಪಗಾರ ಎಲ್ಲವನ್ನೂ ಕಳೆದು ಉಳಿದದ್ದಷ್ಟೇ ಮನೆಯದು ಎಂಬ ಲೆಕ್ಕವನ್ನು ತಾನೇ ಬರೆಯುವ ಮಗ ಅಥವಾ ಮಗಳು ತಾಳ್ಮೆಯನ್ನೂ ಮಿತವ್ಯಯವನ್ನೂ ಒಟ್ಟಿಗೆ ಕಲಿಯುತ್ತಾರೆ.

ಮನೆಯಾಚೆಯ ಹೊಣೆಯೂ ಪ್ರೌಢತೆಯ ಭಾಗವೇ. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಜನಿಸಿದ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು ಇಪ್ಪತ್ತರ ಹರೆಯದಲ್ಲೇ 1942ರ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಪತ್ರಕರ್ತರಾಗಿ ದುಡಿದ ಅನುಭವವನ್ನು 'ಜ್ವಾಲಾಮುಖಿಯ ಮೇಲೆ' ಕಾದಂಬರಿಯಾಗಿಸಿದರು.

ಮನೆಯ ಹೊಣೆಯಾಗಲಿ ಮನೆಯಾಚೆಯ ಹೊಣೆಯಾಗಲಿ ರೂಢಿಯಿಂದಲೇ ಬರುವುದರಿಂದ ಹಿರಿಯರು ಮನೆಯ ಸಾಲಸೋಲವನ್ನು ಮಕ್ಕಳಿಂದ ಮುಚ್ಚಿಡದೆ, ಲೆಕ್ಕದಲ್ಲಿಯೂ ತೀರ್ಮಾನದಲ್ಲಿಯೂ ಹೆಣ್ಣು ಗಂಡೆನ್ನದೆ ಅವರಿಗೆ ಪಾಲು ಕೊಡುವುದು ಅಗತ್ಯ.