ನಾಯಿ ನಾರುತ್ತಿದೆಯೇ? ಸೋಪು ಹಿಡಿಯುವ ಮೊದಲು ನೋಡಿ



ಮಳೆ ಹಿಡಿಯಿತೆಂದರೆ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಾಯಿ ಸಾಕಿದ ಮನೆಗಳಲ್ಲಿ ಒಂದೇ ಮಾತು: "ಇದು ನಾರ್ತಾ ಇದೆ, ಸ್ನಾನ ಮಾಡಿಸಿ." ನೆನೆದ ಕೂದಲಿನ ವಾಸನೆ ಸಹಜ, ಒಣಗಿದರೆ ಹೋಗುತ್ತದೆ. ಚೆನ್ನಾಗಿ ಒರೆಸಿ ಒಣಗಿಸಿದ ಎರಡು ಮೂರು ದಿನಕ್ಕೇ ಮತ್ತೆ ನಾತ ಬಂದರೆ ಕಾರಣ ಕೊಳೆಯಲ್ಲದಿರಬಹುದು. ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಅನೇಕ ಸಲ ಅದು ಕಿವಿ. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ಗಳ ಜೋಲು ಕಿವಿಯೊಳಗೆ ಗಾಳಿಯಾಡದೆ ತೇವ ನಿಂತು ಮಲಸೇಜಿಯಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ಕಮಟು ವಾಸನೆ, ಕಂದು ಗುಗ್ಗೆ, ಪದೇಪದೇ ತಲೆ ಒದರುವುದು ಇದರ ಗುರುತು. ಎಣ್ಣೆ ಕಾಯಿಸಿ ಬಿಡುವುದು ಬೇಡ. ಮೀನಿನಂಥ ವಾಸನೆ ಬಂದು ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಿದ್ದರೆ ಗುದದ ಪಕ್ಕದ ಗ್ರಂಥಿಗಳು ಕಟ್ಟಿಕೊಂಡಿರಬಹುದು. ಬಾಯಿ ನಾರುವುದು ಸಾಮಾನ್ಯವಾಗಿ ಹಲ್ಲಿನ ಪಾಚಿಯಿಂದ. ಆದರೆ ಉಸಿರು ಮೂತ್ರದಂತೆ ನಾರಿದರೆ ಕಿಡ್ನಿಯನ್ನೂ, ಕಳಿತ ಹಣ್ಣಿನಂತಿದ್ದರೆ ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಬೇಕು.

ಕೊಳೆತ ನಾತವಿದ್ದರೆ ಕೂದಲು ಬಿಡಿಸಿ ನೋಡಿ, ಗಾಯದಲ್ಲಿ ಹುಳು ಬಿದ್ದಿರಬಹುದು. ಫಿನಾಯಿಲ್, ಸೀಮೆಎಣ್ಣೆ ಸುರಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ.

ಎಲ್ಲಕ್ಕಿಂತ ಅಪಾಯದ್ದು ಹೆಣ್ಣು ನಾಯಿಗೆ ಬರುವ ಗರ್ಭಕೋಶದ ಕೀವು. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಕೆಟ್ಟ ವಾಸನೆಯ ಸ್ರಾವ ಕಂಡಾಗ "ಮತ್ತೆ ಬೆದೆಗೆ ಬಂದಿದೆ" ಎಂದು ಮನೆಯವರು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ನಾಯಿ ಊಟ ಬಿಟ್ಟು ನೀರು ಮಾತ್ರ ವಿಪರೀತ ಕುಡಿಯುತ್ತಿರುತ್ತದೆ. ಕೆಲವಕ್ಕೆ ಕೀವು ಹೊರಗೇ ಬರುವುದಿಲ್ಲ, ಹೊಟ್ಟೆ ಊದುತ್ತದೆ. ಅದು ಇನ್ನೂ ಕಷ್ಟ. ನಾಳೆ ನೋಡೋಣ ಎನ್ನಬೇಡಿ. ಸಾಮಾನ್ಯವಾಗಿ ಗರ್ಭಕೋಶ ತೆಗೆಯುವ ಆಪರೇಷನ್ನೇ ಬೇಕಾಗುತ್ತದೆ, ತಡವಾದರೆ ಪ್ರಾಣಕ್ಕೆ ಸಂಚಕಾರ. ಮರಿ ಬೇಡವೆಂದಿದ್ದರೆ ಮೊದಲೇ ಸಂತಾನಹರಣ ಮಾಡಿಸುವುದು ಲೇಸು.

ಸರ್ಕಾರಿ ಪಶು ಆಸ್ಪತ್ರೆಗೆ ನಮ್ಮ ಕಡೆ ತಮಿಳಿನಲ್ಲಿ 'ಕಾಲ್‌ನಡೈ ಮರುತ್ತುವಮನೈ' ಎಂಬ ಬೋರ್ಡಿರುತ್ತದೆ. (ಇಲ್ಲಿ ಕಾಲ್ನಡಿಗೆ ಎಂಬ ಅರ್ಥವಲ್ಲ!) ದೊಡ್ಡ ತಪಾಸಣೆ ಬೇಕೆಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೋಗುವ ಮುನ್ನ ಸ್ನಾನ ಮಾಡಿಸಬೇಡಿ, ಸೆಂಟು ಪೌಡರು ಹಾಕಬೇಡಿ. ವಾಸನೆ ಎಂದಿನಿಂದ ಇದೆ, ಕೊನೆಯ ಬೆದೆ ಯಾವಾಗ, ಎಷ್ಟು ನೀರು ಕುಡಿಯುತ್ತಿದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.